ಭಾಗ 4: ಸೊಂಟ ಎಲ್ಲುಂಟು ಮಾರಾಯ್ರೆ?

"ಹಿಪ್ ಬೆಂಡ್ ಮಾಡು." ಕಳೆದ ವರ್ಷ ಕಾವೂರಿನ ಒಂದು ಜಿಮ್ಮಿನಲ್ಲಿ ಡೆಡ್‌ಲಿಫ್ಟ್ ಕಲಿಸುವಾಗ ನನಗೆ ಹೇಳಿದ್ದು ಇಷ್ಟೇ. ಹಿಪ್ ಅಂದ್ರೆ ಸೊಂಟ ಅಂದುಕೊಂಡು ಬೆಲ್ಟ್ ಕಟ್ಟುವ ಜಾಗದಲ್ಲೇ ಬಗ್ಗಿದೆ. ಬಾರ್‌ನಲ್ಲಿ ಇದ್ದದ್ದು 40 ಕೆ.ಜಿ. ಮಾತ್ರ. ಸೊಂಟ ಹಿಡಿಯಿತು. ಒಂದು ವಾರ ಬಸ್ಸಲ್ಲಿ ಸೀಟಿದ್ದರೂ ನಿಂತುಕೊಂಡೇ ಕಾಲೇಜಿಗೆ ಹೋದೆ.

ನಮ್ಮ ಮಾತಿನಲ್ಲಿ ಸೀರೆ ಸಿಕ್ಕಿಸುವ ಜಾಗವೂ ಸೊಂಟ, ಬೆನ್ನಿನ ಕೆಳಭಾಗವೂ ಸೊಂಟ, ಹಿಪ್ಪೂ ಸೊಂಟ. ಆದರೆ ಹಿಪ್ ಕೀಲು ಮಡಚುವುದು ತೊಡೆಸಂದಿನಲ್ಲಿ. ತೊಡೆ ಎಲುಬಿನ ಗುಂಡು ತಲೆ ಅಲ್ಲಿ ಒಂದು ಗುಳಿಯೊಳಗೆ ಕೂತಿರ್ತದೆ. "ಬೆನ್ನು ನೆಟ್ಟಗಿರಲಿ, ತೊಡೆಸಂದಿನಲ್ಲಿ ಮಡಚು, ಕುಂಡೆ ಹಿಂದೆ ಹೋಗಲಿ" ಅಂತ ಹೇಳಿದ್ರೆ ಮುಗಿದಿತ್ತು. ಐದು ಸೆಕೆಂಡಿನ ಕೆಲಸ.

ಯಾಕೆ ಹೇಳುದಿಲ್ಲ? "ಕನ್ನಡದಲ್ಲಿ ಹೇಳಿದ್ರೆ ಪ್ರೊಫೆಷನಲ್ ಅನ್ನಿಸುದಿಲ್ಲ" ಅಂತೆ! ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸಿನಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ ತಂದ ಕರಾವಳಿ ಇದು. ಇಲ್ಲಿ ಭಾರ ಎತ್ತುವ ವಿಷಯ ನಮ್ಮ ಭಾಷೆಯಲ್ಲಿ ಮಾತಾಡಿದ್ರೆ ಮರ್ಯಾದೆ ಹೋಗ್ತದಾ?

ಶಬ್ದ ಇಲ್ಲ ಅನ್ನುವವರು ಕೇಳಿ. ಫ್ಲೆಕ್ಷನ್ ಅಂದ್ರೆ ಕೀಲು ಮಡಚುವುದು, ಎಕ್ಸ್‌ಟೆನ್ಷನ್ ಅಂದ್ರೆ ಚಾಚುವುದು. ಅಬ್ಡಕ್ಷನ್ ಅಂದ್ರೆ ಕೈಕಾಲು ದೇಹದ ನಡುಗೆರೆಯಿಂದ ದೂರ ಹೋಗುವುದು, ಅಡ್ಡಕ್ಷನ್ ಅಂದ್ರೆ ಹತ್ತಿರ ಬರುವುದು. ಜಿಮ್ಮಿನ ಆ ಡಿಜೆ ಸೌಂಡಲ್ಲಿ ಇವೆರಡರ ವ್ಯತ್ಯಾಸ ಯಾರಿಗೆ ಕೇಳ್ತದೆ? "ದೂರ", "ಹತ್ತಿರ" ಅಂದ್ರೆ ಕೇಳ್ತದೆ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡುವಾಗ ಅಂಗೈ ಮೇಲೆ ಬರ್ತದಲ್ಲ, ಅದೇ ಸುಪಿನೇಷನ್. ಅಂಗೈ ಕೆಳಗೆ ತಿರುಗಿಸಿದ್ರೆ ಪ್ರೊನೇಷನ್. ಬೈಸೆಪ್ಸ್ ಮೊಣಕೈಯನ್ನೂ ಮಡಚ್ತದೆ, ಅಂಗೈಯನ್ನೂ ಮೇಲೆ ತಿರುಗಿಸ್ತದೆ. ಕರ್ಲ್ ಮಾಡುವಾಗ ಅಂಗೈ ಮೇಲಿರಲಿ ಅನ್ನುವುದು ಅದಕ್ಕೇ. ಕಾಫ್‌ಗೆ ನಮ್ಮಲ್ಲಿ ಮೀನಖಂಡ ಅಂತ ಎಷ್ಟು ಚಂದದ ಶಬ್ದ ಉಂಟು!

ಇಂಗ್ಲಿಷ್ ಬೇಡ ಅಂತ ನಾನು ಹೇಳುದಿಲ್ಲ. ನಾಳೆ ಫಿಸಿಯೋ ಹತ್ರ ಹೋದಾಗ ಆ ಹೆಸರುಗಳು ಬೇಕೇ ಬೇಕು. "ಸೊಂಟ ನೋವು" ಅಂದ್ರೆ ಅವರಿಗೂ ಜಾಗ ಗೊತ್ತಾಗುದಿಲ್ಲ. ಆದರೆ ಅರ್ಥ ಬಿಟ್ಟು ಹೆಸರು ಮಾತ್ರ ಕಲಿಸುವುದು ಮೋಸ. ನಾವು ಬಿಕಾಂನವರಿಗೆ ಇದು ಗೊತ್ತುಂಟು: ಬ್ಯಾಂಕಿಗೆ ಹಾಕಿದ ದುಡ್ಡು ನಮ್ಮ ಪುಸ್ತಕದಲ್ಲಿ ಡೆಬಿಟ್, ಬ್ಯಾಂಕಿನ ಪುಸ್ತಕದಲ್ಲಿ ಕ್ರೆಡಿಟ್. ಯಾರ ಪುಸ್ತಕ ಅಂತ ಮೊದಲು ಕೇಳ್ಬೇಕು. ದೇಹದಲ್ಲೂ ಹಾಗೇ. ಎದುರು ನಿಂತವನ ಎಡ ನಿಮ್ಮ ಎಡ ಅಲ್ಲ. ಅದಕ್ಕೇ ಅನಾಟಮಿಯಲ್ಲಿ ಒಂದು ನಿಲುವು ಗೊತ್ತು ಮಾಡಿದ್ದಾರೆ: ನೆಟ್ಟಗೆ ನಿಂತು, ಅಂಗೈ ಮುಂದಕ್ಕೆ. ಎಡ, ಬಲ, ಮುಂದೆ, ಹಿಂದೆ ಎಲ್ಲ ಆ ದೇಹದ ಲೆಕ್ಕದಲ್ಲಿ.

ಫೀಸು ಕೊಟ್ಟದ್ದು ನೀವು, ಬೆನ್ನೂ ನಿಮ್ಮದೇ. ಭಾರ ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಕೀಲು ಅಲುಗ್ಬೇಕು? ಯಾವ ಕಡೆಗೆ? ಯಾವುದು ಅಲುಗ್ಲೇಬಾರದು? ನಿಮಗೆ ಅರ್ಥವಾಗುವ ಭಾಷೆಯಲ್ಲಿ ಉತ್ತರ ಸಿಗುವವರೆಗೆ ಬಾರ್ ನೆಲದಲ್ಲೇ ಇರಲಿ.

ಭಾಗ 5ರಲ್ಲಿ ಹೆಗಲು. ಜಿಮ್ಮಿಗೆ ಹೊಸದಾಗಿ ಸೇರಿದ ದೋಸ್ತಿಗೆ ಇದನ್ನು ಕಳಿಸಿ.