ಬಾಟಲಿಯ ಡ್ರೆಸ್ಸಿಂಗ್ ಮತ್ತು ಮನೆಯ ನಿಂಬೆಹಣ್ಣು

ಹೊರನಾಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಇ-ಮೇಲ್ ಬರೆದಿದ್ದ. ಅವನಿಗೆ ರಕ್ತದೊತ್ತಡ. ವೈದ್ಯರು ದಿನವೂ ಸಲಾಡ್ ತಿನ್ನಲು ಹೇಳಿದ್ದಾರಂತೆ. “ಸಾರ್, ಡ್ರೆಸ್ಸಿಂಗ್ ಇಲ್ಲದೆ ತಿಂದರೆ ಹುಲ್ಲು ಮೇಯ್ದ ಹಾಗಾಗುತ್ತದೆ. ಅಂಗಡಿಯ ಬಾಟಲಿಯ ಚೀಟಿ ಓದಿದರೆ ಉಪ್ಪು, ಸಕ್ಕರೆ. ಏನು ಮಾಡಲಿ?” ಎಂಬುದು ಅವನ ಪ್ರಶ್ನೆ. “ಮನೆಯಲ್ಲೇ ಮಾಡಿಕೋ, ಎರಡು ನಿಮಿಷದ ಕೆಲಸ” ಎಂದು ಉತ್ತರಿಸಿದೆ. ಮೂವತ್ತು ವರ್ಷ ವಿಜ್ಞಾನ ಬೋಧಿಸಿದವನಿಗೆ ಅಷ್ಟಕ್ಕೇ ಸುಮ್ಮನಾಗುವುದು ಕಷ್ಟ. ಆದ್ದರಿಂದ ಈ ಬರಹ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡ್ರೆಸ್ಸಿಂಗ್ ಎಂಬುದು ಕೊಂಡು ತರಬೇಕಾದ ಪದಾರ್ಥವೇ ಅಲ್ಲ. ಹಸಿ ತರಕಾರಿಗೆ ಹುಳಿ, ಉಪ್ಪು, ಜಿಡ್ಡು, ಒಂದಿಷ್ಟು ಖಾರ ಸೇರಿಸಿ ಉಣ್ಣುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದೆ. ಅದಕ್ಕೆ ಪ್ರತ್ಯೇಕ ಹೆಸರು ಇಟ್ಟಿರಲಿಲ್ಲ, ಅಷ್ಟೆ. ರಾಮನವಮಿಯ ಕೋಸಂಬರಿಯನ್ನೇ ನೋಡಿ. ನೆನೆದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನ ತುರಿ. ಅದರ ಮೇಲೆ ನಿಂಬೆರಸ, ಉಪ್ಪು, ಸಾಸಿವೆ ಇಂಗಿನ ಒಗ್ಗರಣೆ. ಆ ಒಗ್ಗರಣೆಯ ಎಣ್ಣೆಯೂ ನಿಂಬೆಯ ಹುಳಿಯೂ ಕೂಡಿದರೆ ಡ್ರೆಸ್ಸಿಂಗ್ ಅಲ್ಲದೆ ಮತ್ತೇನು? ಉತ್ತರ ಕರ್ನಾಟಕದ ರೊಟ್ಟಿ ಊಟದಲ್ಲಿ ಮೆಂತ್ಯ ಸೊಪ್ಪು, ಹಕ್ಕರಕಿ, ಮೂಲಂಗಿ, ಎಳೆ ಸೌತೆಕಾಯಿಗಳ ಮೇಲೆ ಗುರೆಳ್ಳು ಪುಡಿಯನ್ನೋ ಶೇಂಗಾ ಪುಡಿಯನ್ನೋ ಉದುರಿಸಿ ಹಸಿ ಎಣ್ಣೆ ಬಿಟ್ಟುಕೊಳ್ಳುತ್ತಾರೆ. ಅಲ್ಲಿ ಒಲೆಯ ಹಂಗೂ ಇಲ್ಲ.

ಈಗ ಸ್ವಲ್ಪ ಪಾಠ. (ಹಿಂದಿನ ಬೆಂಚಿನವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು; ತರಗತಿಯಲ್ಲೂ ನೀವು ಮಾಡುತ್ತಿದ್ದುದು ಅದನ್ನೇ.) ಎಣ್ಣೆಯೂ ನೀರೂ ಬೆರೆಯುವುದಿಲ್ಲವೆಂಬುದು ನಿಮಗೆಲ್ಲ ಗೊತ್ತು. ನಿಂಬೆರಸದಲ್ಲಿ ಬಹುಪಾಲು ನೀರೇ. ಎರಡನ್ನೂ ಒಂದು ಸೀಸೆಗೆ ಹಾಕಿ ಬಲವಾಗಿ ಕುಲುಕಿದರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಚದುರಿಕೊಳ್ಳುತ್ತದೆ. ದ್ರವ ಬೆಳ್ಳಗೆ ಮಬ್ಬಾಗುತ್ತದೆ. ಇದಕ್ಕೆ ಎಮಲ್ಷನ್ ಎಂದು ಹೆಸರು. ಕಲಿಲಗಳ ಪಾಠದಲ್ಲಿ ಹಾಲಿನ ಉದಾಹರಣೆ ಕೊಡುತ್ತಿದ್ದೆನಲ್ಲ, ಅದೇ ಜಾತಿ. ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಹನಿಗಳು ಮತ್ತೆ ಕೂಡಿ ಎಣ್ಣೆ ಮೇಲೆ ತೇಲುತ್ತದೆ. ಹಾಗಾಗದಂತೆ ತಡೆಯಲು ಮಧ್ಯಸ್ಥನೊಬ್ಬ ಬೇಕು. ಮೆಯನೇಸಿನಲ್ಲಿ ಆ ಕೆಲಸವನ್ನು ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಮಾಡುತ್ತದೆ. ಮೊಟ್ಟೆ ತಿನ್ನದವರಿಗೆ ಅರೆದ ಸಾಸಿವೆ ಸಾಕು. ಸಾಸಿವೆಯ ಸಿಪ್ಪೆಯಲ್ಲಿರುವ ಲೋಳೆಯಂಥ ಅಂಶ ಎಣ್ಣೆಯ ಹನಿಗಳು ಬೇಗ ಒಂದಾಗದಂತೆ ನೋಡಿಕೊಳ್ಳುತ್ತದೆ.

ಸಾಸಿವೆಯ ವಿಚಾರ ಬಂದದ್ದರಿಂದ ಇನ್ನೊಂದು ಮಾತು. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಘಾಟು ಏಕಿಲ್ಲ? ಮಲೆನಾಡು, ಕರಾವಳಿಗಳಲ್ಲಿ ಹಣ್ಣು ಹಾಕಿ ಮಾಡುವ ‘ಸಾಸಿವೆ’ ಎಂಬ ಮೇಲೋಗರ ಮೂಗಿಗೆ ಏಕೆ ಅಡರುತ್ತದೆ? ಕಾಳಿನೊಳಗೆ ಘಾಟಿನ ಮೂಲದ್ರವ್ಯ ಒಂದೆಡೆ, ಅದನ್ನು ಒಡೆಯುವ ಕಿಣ್ವ ಮತ್ತೊಂದೆಡೆ, ಬೇರೆ ಬೇರೆಯಾಗಿ ಇರುತ್ತವೆ. ಅರೆದು ನೀರು ತಾಗಿಸಿದಾಗ ಮಾತ್ರ ಇವೆರಡೂ ಸಂಧಿಸಿ ಘಾಟು ಹುಟ್ಟುತ್ತದೆ. ಕಾಯ್ದ ಎಣ್ಣೆಯಲ್ಲಿ ಕಿಣ್ವ ಸತ್ತುಹೋಗುವುದರಿಂದ ಒಗ್ಗರಣೆಯ ಕಾಳು ಸೌಮ್ಯ. ಹೀಗಾಗಿ ಡ್ರೆಸ್ಸಿಂಗಿಗೆ ಸಾಸಿವೆ ಪುಡಿ ಹಾಕುವವರು ಅದನ್ನು ಮೊದಲು ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಬೇಕು. ಬಿಸಿನೀರು ಕೂಡದು. ನಿಂಬೆರಸವನ್ನೂ ಆ ಹತ್ತು ನಿಮಿಷ ಕಳೆದ ಮೇಲೆಯೇ ಸೇರಿಸುವುದು. ಹುಳಿ ಮೊದಲೇ ಬಿದ್ದರೆ ಕಿಣ್ವದ ಕೆಲಸ ಕುಂಠಿತವಾಗುತ್ತದೆ.

ಇನ್ನು ವಿಧಾನ. ಫ್ರೆಂಚರು ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನೆಗರ್ ಎನ್ನುತ್ತಾರೆ. ನಮ್ಮ ನಾಲಿಗೆಗೆ ಅಷ್ಟು ಎಣ್ಣೆ ಹೆಚ್ಚಾಯಿತು, ಹುಳಿ ಕಡಿಮೆಯಾಯಿತು. ನಾಲ್ವರಿಗೆ ಎರಡು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ, ಕಾಲು ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಸಾಸಿವೆ ಪುಡಿ (ಮೇಲೆ ಹೇಳಿದಂತೆ ಕಲಸಿದ್ದು), ಕುಟ್ಟಿದ ಕಾಳುಮೆಣಸು, ಕಡಲೆಕಾಳಿನಷ್ಟು ಬೆಲ್ಲ. ಬೆಲ್ಲವನ್ನೂ ಉಪ್ಪನ್ನೂ ಮೊದಲು ನಿಂಬೆರಸದಲ್ಲಿ ಕರಗಿಸಿಕೊಳ್ಳಬೇಕು. ಎಣ್ಣೆಯಲ್ಲಿ ಅವು ಕರಗವು. ಅನಂತರ ಎಣ್ಣೆ ಹಾಕಿ, ಮುಚ್ಚಳ ಬಿಗಿದು, ಇಪ್ಪತ್ತು ಎಣಿಸುವವರೆಗೆ ಕುಲುಕಿದರೆ ಮುಗಿಯಿತು. ಗಾಣದ ಕಡಲೆಕಾಯಿ ಎಣ್ಣೆಯಾಗಲಿ ಎಳ್ಳೆಣ್ಣೆಯಾಗಲಿ ಆದೀತು. ಕೊಬ್ಬರಿ ಎಣ್ಣೆ ಮಾತ್ರ ಇದಕ್ಕೆ ಒಗ್ಗದು. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ತಣ್ಣಗಿನ ಸೊಪ್ಪಿನ ಮೇಲೆ ಬಿದ್ದರೆ ಮೇಣದಂತೆ ಅಂಟಿಕೊಳ್ಳುತ್ತದೆ. ಸೊಪ್ಪನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ನೀರಾರಿಸುವುದನ್ನು ಮರೆಯಬೇಡಿ. ಒದ್ದೆ ಎಲೆಯ ಮೇಲೆ ಎಣ್ಣೆ ನಿಲ್ಲದು, ಜಾರಿ ಬಟ್ಟಲಿನ ತಳ ಸೇರುತ್ತದೆ.

ಬಡಿಸುವ ಕ್ಷಣದವರೆಗೆ ಡ್ರೆಸ್ಸಿಂಗನ್ನು ತರಕಾರಿಗೆ ತಾಗಿಸಬಾರದು. ಕೋಸಂಬರಿಗೆ ಎಲೆ ಹಾಕಿದ ಮೇಲೆಯೇ ಉಪ್ಪು ಬೆರೆಸಬೇಕೆಂದು ಮನೆಯ ಹಿರಿಯ ಹೆಂಗಸರು ಕಟ್ಟುನಿಟ್ಟು ಮಾಡುತ್ತಿದ್ದುದು ಸುಮ್ಮನಲ್ಲ. ಉಪ್ಪು ಬಿದ್ದೊಡನೆ ಸೌತೆಕಾಯಿಯ ಕೋಶಗಳೊಳಗಿನ ನೀರು ಹೊರಗೆ ಹರಿಯತೊಡಗುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ಉಬ್ಬಿಸಿ, ಮತ್ತೆ ಉಪ್ಪುನೀರಿನಲ್ಲಿ ಕುಗ್ಗಿಸಿ ಅಭಿಸರಣೆಯ ಪ್ರಯೋಗ ಮಾಡಿದ್ದು ನಿಮಗೆ ನೆನಪಿರಬಹುದು. ಹೆಚ್ಚಿದ ಅರ್ಧ ಗಂಟೆಗೆ ಕೋಸಂಬರಿ ಸಾರಾಗುವುದು ಅದೇ ಪ್ರಯೋಗದ ಇನ್ನೊಂದು ರೂಪ.

ಈ ನಡುವೆ ‘ಎಣ್ಣೆಯೇ ಬೇಡ’ ಎನ್ನುವವರೂ ಹೆಚ್ಚಾಗಿದ್ದಾರೆ. ನನ್ನ ಬಂಧುಗಳಲ್ಲೇ ಇಬ್ಬರು ಮೂವರಿದ್ದಾರೆ. ಬರೀ ನಿಂಬೆಹಣ್ಣು ಹಿಂಡಿದ ಕ್ಯಾರೆಟ್ ತುರಿಯನ್ನು ವ್ರತದಂತೆ ಸೇವಿಸುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ. ಕ್ಯಾರೆಟ್, ಟೊಮೆಟೊ, ಸೊಪ್ಪುಗಳಲ್ಲಿರುವ ಕ್ಯಾರೊಟಿನಾಯ್ಡುಗಳು ಕೊಬ್ಬಿನಲ್ಲಿ ಕರಗುವಂಥವು. 2004ರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬಿಲ್ಲದ ಡ್ರೆಸ್ಸಿಂಗಿನೊಂದಿಗೆ ಸಲಾಡ್ ತಿಂದವರ ರಕ್ತಕ್ಕೆ ಅವು ಸೇರಿದ್ದು ಇಲ್ಲವೆಂಬಷ್ಟು ಕಡಿಮೆ. ಎಣ್ಣೆಯುಳ್ಳ ಡ್ರೆಸ್ಸಿಂಗಿನೊಂದಿಗೆ ತಿಂದಾಗ ಗಣನೀಯವಾಗಿ ಹೆಚ್ಚು. ನಾನು ಹೇಳಿದ ಅಳತೆಯಲ್ಲಿ ಒಬ್ಬರಿಗೆ ಬರುವ ಎಣ್ಣೆ ಏಳು ಗ್ರಾಂನಷ್ಟು. ಹಬ್ಬದ ದಿನ ಒಂದು ಬೋಂಡಾ ಕಡಿಮೆ ತಿಂದು ಅದನ್ನು ಸರಿದೂಗಿಸಿಕೊಳ್ಳಬಹುದು.

ಬಾಟಲಿಯ ಪರವಾಗಿಯೂ ಒಂದು ನ್ಯಾಯದ ಮಾತು ಆಡಬೇಕು. ಅದರಲ್ಲಿ ವಿಷವೇನೂ ಇಲ್ಲ. ಅದನ್ನು ಮಂದವಾಗಿಸಲು ಬಳಸುವ ಕ್ಸಾಂಥನ್ ಗಮ್ ಎಂಬ ಅಂಟನ್ನು ಒಂದು ಬ್ಯಾಕ್ಟೀರಿಯದಿಂದ ಪಡೆಯುತ್ತಾರೆ. ಎಲೆಕೋಸಿನ ಎಲೆಗೆ ಕಪ್ಪು ಕೊಳೆರೋಗ ತರುವುದೂ ಅದೇ ಬ್ಯಾಕ್ಟೀರಿಯ! ಕೇಳಿ ಗಾಬರಿಯಾಗುವುದು ಬೇಡ, ತಿನ್ನುವವರಿಗೆ ಅಂಟಿನಿಂದ ಅಪಾಯವಿಲ್ಲ. ನನ್ನ ಆಕ್ಷೇಪ ಬೇರೆ. ಬಾಟಲಿಯಲ್ಲಿ ಉಪ್ಪನ್ನೂ ಸಿಹಿಯನ್ನೂ ನಿರ್ಧರಿಸುವವರು ನಮ್ಮನ್ನು ಕಂಡಿಲ್ಲ, ನಮ್ಮ ರಕ್ತದೊತ್ತಡವನ್ನಂತೂ ಕೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಕಾಲು ಟೀ ಚಮಚವೆಂದರೆ ಸುಮಾರು ಒಂದೂವರೆ ಗ್ರಾಂ. ನಾಲ್ವರಿಗೆ ಹಂಚಿದರೆ ಒಬ್ಬರಿಗೆ ಅರ್ಧ ಗ್ರಾಂ ಕೂಡ ಆಗದು. ಬೇಕಿದ್ದರೆ ಅದನ್ನೂ ಇಳಿಸಿ ನಿಂಬೆಯನ್ನು ಏರಿಸಿಕೊಳ್ಳಬಹುದು. ಹುಳಿ ಸರಿಯಾಗಿದ್ದರೆ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟಾಗಿ ತಿಳಿಯದು. ಅಂಗಡಿಯ ಬಾಟಲಿಗೆ ಉಪ್ಪು ಹೆಚ್ಚು ಹಾಕಿಕೊಳ್ಳಬಹುದೇ ಹೊರತು ಅದರೊಳಗಿನ ಉಪ್ಪನ್ನು ತೆಗೆಯುವ ಉಪಾಯ ಯಾರಿಗೂ ಗೊತ್ತಿಲ್ಲ.

ಮಾಡಿ ಉಳಿದದ್ದನ್ನು ಗಾಜಿನ ಸೀಸೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹುಳಿ ಇಡಬಾರದೆಂಬುದನ್ನು ನಿಮಗೆ ಮತ್ತೆ ಹೇಳಬೇಕಾಗಿಲ್ಲ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗಿಡುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಗಾಳಿಯಿಲ್ಲದ ಆ ಎಣ್ಣೆಯಡಿಯಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯ ಬೆಳೆಯಬಲ್ಲದು. ರುಚಿಯಲ್ಲಿ, ವಾಸನೆಯಲ್ಲಿ ಏನೂ ಗೊತ್ತಾಗುವುದಿಲ್ಲ.

ಕೊನೆಯದಾಗಿ, ಗಂಡುಮಕ್ಕಳ ತಾಯ್ತಂದೆಯರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಸಲಹೆ. ನಾನು ಕಲಿತ, ಕಲಿಸಿದ ಕಾಲದಲ್ಲಿ ಗೃಹವಿಜ್ಞಾನವೆಂದರೆ ಹುಡುಗಿಯರ ಪಾಠವೆಂದೇ ಎಲ್ಲರ ಎಣಿಕೆ. ಹುಡುಗರು ಓದಿ, ಕೆಲಸ ಹಿಡಿದು, ಪರವೂರಿನ ಬಾಡಿಗೆ ಕೋಣೆ ಸೇರಿದ ಮೇಲೆ ಒಂದು ಸೌತೆಕಾಯಿಯನ್ನು ರುಚಿಕಟ್ಟಾಗಿ ತಿನ್ನಲೂ ಅರಿಯದೆ ಪೊಟ್ಟಣ ಬಾಟಲಿಗಳಿಗೆ ಶರಣಾಗುತ್ತಾರೆ. ನಲವತ್ತು ದಾಟಿದ ಮೇಲೆ ನನಗೆ ಇ-ಮೇಲ್ ಬರೆಯುತ್ತಾರೆ. ಡ್ರೆಸ್ಸಿಂಗ್ ಮಾಡಲು ಬೆಂಕಿ ಬೇಡ, ಬಾಣಲೆ ಬೇಡ. ಎಂಟು ಹತ್ತು ವರ್ಷದ ಮಗು ನಿರ್ಭಯವಾಗಿ ಮಾಡಬಲ್ಲ ಮೊದಲ ಅಡುಗೆ ಇದು. ಮಗುವಿಗೆ ಅಳತೆ ಹೇಳಿ, ಆಮೇಲೆ ಚಮಚದ ತುದಿಯಲ್ಲಿ ರುಚಿ ನೋಡಿ ತಾನೇ ತಿದ್ದಿಕೊಳ್ಳಲು ಬಿಡಿ. ನನ್ನ ಮೊಮ್ಮಗನಿಗೆ ಭಾನುವಾರಗಳಂದು ಸೀಸೆ ಕುಲುಕುವ ಅಧಿಕಾರವನ್ನು ವಹಿಸಿದ್ದೇನೆ. “ಅಜ್ಜ, ಬೆಲ್ಲ ಜಾಸ್ತಿ ಆಯ್ತು, ಇನ್ನರ್ಧ ನಿಂಬೆಹಣ್ಣು ಕೊಡು” ಎಂದು ಕಳೆದ ವಾರ ಕೇಳಿದ. ಅಷ್ಟು ಬೆಲ್ಲ ಹಾಕಿದವನೂ ಅವನೇ. ಕೇಳಿದ ಅರ್ಧ ಹಣ್ಣನ್ನು ಕೊಟ್ಟೆ.