ಮಿರ್ಜಾ ಸಾಹೇಬರು ಕಲಿಸುವ ಪಾಠ

‘ಯಥಾ ರಾಜಾ ತಥಾ ಪ್ರಜಾ’ ಎಂಬ ಮಾತನ್ನು ನಾವೆಲ್ಲರೂ ಬಲ್ಲೆವು. ಆದರೆ ರಾಜನ ಗುಣವು ಪ್ರಜೆಯನ್ನು ತಲುಪುವುದು ಯಾವ ದಾರಿಯಿಂದ ಎಂಬುದನ್ನು ನಾವು ವಿಚಾರಿಸಿದ್ದು ಕಡಿಮೆ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರು ಇದಕ್ಕೆ ಉತ್ತರವನ್ನರಸಿ ದೂರ ಹೋಗಬೇಕಾಗಿಲ್ಲ. ಸರ್ ಮಿರ್ಜಾ ಇಸ್ಮಾಯಿಲರು ಮೈಸೂರಿನಲ್ಲೂ ಆಡಳಿತ ನಡೆಸಿದವರು, ಹೈದರಾಬಾದಿನಲ್ಲೂ ಆಡಳಿತ ನಡೆಸಲು ಬಂದವರು.

1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ಬೆಳಗಿನ ಹೊತ್ತು ಸ್ವತಃ ಬೆಂಗಳೂರಿನ ಬೀದಿಗಳನ್ನು ಸುತ್ತಿ ನೈರ್ಮಲ್ಯವನ್ನು ಪರೀಕ್ಷಿಸುತ್ತಿದ್ದುದು ಪ್ರಸಿದ್ಧವಾಗಿದೆ. ದಿವಾನರೇ ಚರಂಡಿಯನ್ನು ನೋಡುವರೆಂದ ಮೇಲೆ ಇಂಜಿನಿಯರು ನೋಡದಿರಲಾರ. ಇಂಜಿನಿಯರು ನೋಡುವನೆಂದರೆ ಮೇಸ್ತ್ರಿ ಉದಾಸೀನನಾಗಲಾರ. ನೂರು ಸುತ್ತೋಲೆಗಳಿಂದ ಆಗದ ಕೆಲಸ ಹೀಗೆ ಆಗುತ್ತದೆ.

ಆದರೆ ಮೇಲಿನವರ ಮನೋಭಾವವು ಕೆಳಗಿಳಿಯುವಾಗ ಒಳಿತು ಕೆಡುಕುಗಳನ್ನು ಸೋಸಿಕೊಂಡು ಇಳಿಯುವುದಿಲ್ಲ. ಜವಾಬ್ದಾರಿ ಸರ್ಕಾರದ ಬೇಡಿಕೆಯನ್ನು ಮಿರ್ಜಾ ಆಡಳಿತ ಸಹನೆಯಿಂದ ಕಾಣಲಿಲ್ಲ. 1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಪ್ರಾಣ ತೆತ್ತರು. ಮೇಲಿನವರು ಅಸಹನೆಯಿಂದ ನೋಡುವ ಜನರನ್ನು ಕೆಳಗಿನವರು ಶತ್ರುಗಳೆಂದೇ ಕಾಣುತ್ತಾರೆ.

1946ರ ಆಗಸ್ಟಿನಲ್ಲಿ ಮಿರ್ಜಾ ಅವರು ನಿಜಾಮರ ಕಾರ್ಯಕಾರಿ ಮಂಡಲಿಯ ಅಧ್ಯಕ್ಷರಾಗಿ ಇಲ್ಲಿಗೆ ಬಂದರು. ವ್ಯಕ್ತಿ ಅದೇ, ಶ್ರದ್ಧೆಯೂ ಅದೇ. ಆದರೂ ವರ್ಷ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ, ರಾಜೀನಾಮೆಯಿತ್ತು ಹೊರಟರು. ಭಾರತದೊಡನೆ ಸೌಹಾರ್ದವೇ ಸಂಸ್ಥಾನಕ್ಕೆ ಹಿತವೆಂಬ ಅವರ ನಿಲುವನ್ನು ಇತ್ತೆಹಾದುಲ್ ಮುಸ್ಲಿಮೀನ್ ವಿರೋಧಿಸಿತು. ನಿಜಾಮರು ಬೆನ್ನಿಗೆ ನಿಲ್ಲಲಿಲ್ಲ. ಮೈಸೂರಿನಲ್ಲಾದರೋ ಸಹಪಾಠಿಯೂ ಪ್ರಭುವೂ ಆಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಅಚಲ ವಿಶ್ವಾಸ ಅವರಿಗಿತ್ತು. 1940ರಲ್ಲಿ ನಾಲ್ವಡಿಯವರು ಕಾಲವಾದ ಮರುವರ್ಷವೇ ಮಿರ್ಜಾ ದಿವಾನಗಿರಿಯನ್ನು ತೊರೆದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಕೈಕೆಳಗಿನವರು ಆಜ್ಞೆಯನ್ನು ಓದುವ ಮೊದಲು ಮುಖವನ್ನು ಓದುತ್ತಾರೆ. ಅದೂ ಕೊನೆಯ ಮಾತು ಯಾರದೋ ಅವರ ಮುಖವನ್ನು. ಕೇಂದ್ರ ಸರ್ಕಾರದ ದೀರ್ಘಕಾಲದ ಸೇವೆಯಲ್ಲಿ ನಾನು ಕಂಡದ್ದೂ ಇದನ್ನೇ. ತಪ್ಪನ್ನು ಕೆಳಗಿನವರ ತಲೆಗೆ ಕಟ್ಟುವ ಅಧಿಕಾರಿಯ ಕೈಕೆಳಗೆ ಚುರುಕಾದ ಗುಮಾಸ್ತನೂ ಟಿಪ್ಪಣಿ ಬರೆಯಲು ಅಂಜುತ್ತಾನೆ. ಹೊಣೆಯನ್ನು ತಾನು ಹೊರುವ ಅಧಿಕಾರಿ ಬಂದರೆ ಅದೇ ಗುಮಾಸ್ತ, ಅದೇ ಕಡತ, ಎರಡು ದಿನದ ಕೆಲಸ.

ಹೊರನಾಡಿನ ಕನ್ನಡ ಸಂಘಗಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಸಂಘದ ಅಧ್ಯಕ್ಷರ ಕೈಯಲ್ಲಿ ಸಂಬಳವಿಲ್ಲ, ವರ್ಗಾವಣೆಯಿಲ್ಲ, ಇರುವುದು ಮನೋಭಾವವೊಂದೇ. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡವನ್ನು ಕೊಂಡಾಡಿ, ಕೆಳಗಿಳಿದೊಡನೆ ಮೊಮ್ಮಕ್ಕಳೊಡನೆ ಇಂಗ್ಲಿಷಿಗೆ ಹೊರಳಿದರೆ ಮಕ್ಕಳು ಕಲಿಯುವುದು ಭಾಷಣದಿಂದಲ್ಲ, ಆ ಹೊರಳಿಕೆಯಿಂದ. ಸಭೆ ಮುಗಿದ ಮೇಲೆ ಅಧ್ಯಕ್ಷರು ಕುರ್ಚಿಯೊಂದನ್ನು ಮಡಿಸಿಟ್ಟರೆ ಹತ್ತು ಯುವಕರು ಕೈಜೋಡಿಸುತ್ತಾರೆ.

ಇನ್ನು ಮಾಜಿ ಪದಾಧಿಕಾರಿಗಳೂ ಮಹಾಪೋಷಕರೂ ಆದ ನಮ್ಮ ಹಿರಿಯರಲ್ಲಿ ಒಂದು ವಿನಂತಿ. ತರುಣ ಕಾರ್ಯದರ್ಶಿಯೊಬ್ಬ ಹೊಸ ಕೆಲಸಕ್ಕೆ ಕೈಹಾಕಿದಾಗ ಸದಸ್ಯರು ನೋಡುವುದು ಅವನ ಮುಖವನ್ನಲ್ಲ, ನಿಮ್ಮ ಮುಖವನ್ನು. ಸಮರ್ಥನನ್ನು ಕರೆತಂದು ಒಂಟಿಯಾಗಿ ಬಿಟ್ಟ ಸಂಸ್ಥಾನದ ಗತಿಯೇನಾಯಿತೆಂಬುದು ಈ ಊರಿನವರಾದ ನಮಗೆ ತಿಳಿಯದ್ದಲ್ಲ. ಅವನ ಬೆನ್ನ ಹಿಂದೆ ನಾಲ್ವಡಿಯವರಂತೆ ನಿಲ್ಲುವುದು ನಮ್ಮ ಹಿರಿಯರಿಂದ ಸಂಘ ಬಯಸುವ ಸೇವೆ.