ಪುಟ್ಟಕ್ಕನಿಗೋಸ್ಕರ ಅತ್ತೋರು ನಾವು

ಹೋದ ಸಲ ಸೀರಿಯಲ್ಲಿನ ಸೊಸೇರು ಅಡುಗೆಮನೆಗೂ ರೇಷ್ಮೆ ಸೀರೆ ಉಟ್ಕಂಡು ಬರೋದರ ಬಗ್ಗೆ ಬರೆದಿದ್ದೆ. ಅದನ್ನ ಓದಿದ ನಮ್ಮ ವಾರಗಿತ್ತಿ, "ಅದೆಲ್ಲ ಬುಡಕ್ಕ, ಪುಟ್ಟಕ್ಕನ ವಿಷ್ಯ ಯಾಕ್ ಬರೀಲಿಲ್ಲ? ದಿನಾ ಸೆರಗಲ್ಲಿ ಕಣ್ಣು ಒರುಸ್ಕಂಡು ನೋಡ್ತಿದ್ದೋಳು ನೀನೇ ಅಲ್ವಾ?" ಅಂದ್ಲು. ಬರೀಬೇಕು ಅಂತ ಬಾಳ ದಿನದಿಂದ ಇತ್ತು ಕಣೆ. ಆದ್ರೆ ಬರೆಯಕ್ಕೆ ಕುಂತಾಗೆಲ್ಲ ಒಂದು ಮಾತು ಅಡ್ಡ ಬತ್ತಿತ್ತು. ಇವತ್ತು ಅದನ್ನೂ ಸೇರಿಸಿ ಬರೆದ್ಬುಡ್ತೀನಿ.

'ಪುಟ್ಟಕ್ಕನ ಮಕ್ಕಳು' ಶುರುವಾಗಿದ್ದು 2021ರ ಡಿಸೆಂಬರ್‌ನಲ್ಲಿ, ಜೀ ಕನ್ನಡದಲ್ಲಿ. ಆಗ ಏಳೂವರೆಗೆ ಬರೋದು. ನಮ್ಮ ಪಾಂಡವಪುರದ ಕಡೆ ಹಳ್ಳಿ ಮನೆಗಳಿಗೆ ಅದು ಹೇಳಿ ಮಾಡಿಸಿದ ಟೈಮು. ಡೇರಿಗೆ ಹಾಲು ಹಾಕಿ ಬಂದಾಗಿರ್ತದೆ, ಮುದ್ದೆಗೆ ಎಸರಿಡಕ್ಕೆ ಇನ್ನೂ ವಸಿ ಹೊತ್ತಿರ್ತದೆ. ಕರೆಂಟು ಇದ್ರೆ ನಮ್ಮ ಹಜಾರದಲ್ಲಿ ಆರೇಳು ಜನ ಹೆಂಗಸರು ಗ್ಯಾರಂಟಿ. ಉಮಾಶ್ರೀ ಅವರು 'ಗುಲಾಬಿ ಟಾಕೀಸ್'ಗೆ ರಾಷ್ಟ್ರ ಪ್ರಶಸ್ತಿ ತಗೊಂಡೋರು. ಆ ಸಿನಿಮಾದಲ್ಲೂ ಸೂಲಗಿತ್ತಿ ಗುಲಾಬಿ ಮನೆಗೆ ಟಿವಿ ಬತ್ತದೆ, ಕೇರಿ ಹೆಂಗಸರೆಲ್ಲ ಬಂದು ಕುಂತ್ಕತಾರೆ. ನೋಡಿದಾಗ ಇದು ನಮ್ಮನೆ ಹಜಾರವೇ ಅನ್ನಿಸಿತ್ತು.

ಕಥೆ ನಿಮಗೆಲ್ಲ ಗೊತ್ತು. ಮೂರೂ ಹೆಣ್ಣೇ ಹೆತ್ಲು ಅಂತ ಗಂಡ ಬಿಟ್ಟು ಇನ್ನೊಬ್ಬಳನ್ನ ಕಟ್ಕೊಂಡ. ಪುಟ್ಟಕ್ಕ ಮೆಸ್ ಇಟ್ಕಂಡು ಸಹನ, ಸ್ನೇಹ, ಸುಮ ಮೂವರನ್ನೂ ಸಾಕಿದಳು. ಉಮಾಶ್ರೀ ಅವರು ಬಡಿಸೋ ಕೈ ನೋಡಿ, ಅದು ಸೌಟು ಹಿಡಿದು ಗೊತ್ತಿರೋ ಕೈ. ಮಾತು ಮಾತ್ರ ನಮ್ಮ ಜಿಲ್ಲೆಯವರೇ ಪಾತ್ರ ಮಾಡಿದ 'ತಿಥಿ' ಸಿನಿಮಾ ನೋಡಿದೋರಿಗೆ ವಸಿ ಸಪ್ಪೆ ಅನ್ನಿಸ್ತದೆ. ಇರಲಿ, ಸೀರಿಯಲ್ನೋರಿಗೆ ಎಲ್ಲಾ ಜಿಲ್ಲೆಯೋರೂ ಬೇಕಲ್ಲ.

ನನ್ನ ತಕರಾರು ಬೇರೆ. ಹೆಣ್ಣು ಹೆತ್ತಿದ್ದು ತಪ್ಪಲ್ಲ ಅಂತ ತೋರಿಸಕ್ಕೆ ಸ್ನೇಹ ಡಿಸಿ ಆಗ್ಲೇಬೇಕಿತ್ತಾ? ಅವಳು ಪರೀಕ್ಷೆ ಫೇಲಾಗಿ ಮೆಸ್ಸಲ್ಲೇ ತಟ್ಟೆ ತೊಳ್ಕಂಡು ಇದ್ದಿದ್ರೆ, ಗಂಡ ಬಿಟ್ಟೋಗಿದ್ದು ಸರಿ ಆಗ್ಬುಡ್ತಿತ್ತಾ? ಗಂಡು ಹುಟ್ಟಿದ್ರೆ ಅವನು ಏನಾಗ್ತಾನೆ ಅಂತ ಯಾರೂ ಕೇಳಲ್ಲ. ಹುಟ್ಟಿದ್ರೇ ಸಾಕು. ನಂಗೂ ಎರಡು ಹೆಣ್ಣು ಮಕ್ಕಳು. ದೊಡ್ಡವಳು ಓದಿ ಬೆಂಗ್ಳೂರಲ್ಲಿ ಕೆಲ್ಸದಲ್ಲವ್ಳೆ. ಚಿಕ್ಕವಳಿಗೆ ಓದು ಹತ್ತಲಿಲ್ಲ, ಶ್ರೀರಂಗಪಟ್ಟಣದಲ್ಲಿ ಮನೇಲೇ ಮಿಷನ್ ಇಟ್ಕಂಡು ಬ್ಲೌಸ್ ಹೊಲೀತಾಳೆ. ಈ ಹೊತ್ತಿಗೂ ನಮ್ಮತ್ತೆಗೆ ಕಾಲುನೋವು ಬಂತು ಅಂದ್ರೆ ಮೊದಲ ಬಸ್ಸಿಗೆ ಎಣ್ಣೆ ಹಿಡ್ಕಂಡು ಬರೋಳು ಆ ಬ್ಲೌಸ್ ಹೊಲಿಯೋಳೇ.

ಆ ಚಿಕ್ಕವಳು ಹುಟ್ಟಿದ್ದು ನನ್ನ ತವರಲ್ಲಿ, ಕೆ.ಆರ್.ಪೇಟೆ ಆಸ್ಪತ್ರೇಲಿ. ಒಂಬತ್ತನೇ ದಿನಕ್ಕೆ ನಮ್ಮತ್ತೆ ಬಂದ್ರು. ಬಟ್ಟೆ ಸರಿಸಿ ನೋಡಿ, "ಇದೂ ಹೆಣ್ಣಾ" ಅಂದೋರೇ ನಮ್ಮವ್ವ ಕೊಟ್ಟ ಕಾಪಿನೂ ಕುಡೀದೆ ಬಸ್ ಹತ್ತಿದ್ರು. ಅದೇ ನಮ್ಮತ್ತೆ ಈಗ ಪುಟ್ಟಕ್ಕನ್ನ ನೋಡಿ, "ಪಾಪ ಕಣವ್ವಾ, ಮೂರ್ ಮಕ್ಳು ಕಟ್ಕಂಡು, ಆ ಮುಂಡೇಮಗ ಹೆಂಗ್ ಬುಟ್ಟೋದ" ಅಂತ ಅಳೋರು. ಒಂದು ದಿನ ತಡೀಲಾರದೆ ಕಾಪಿ ವಿಷ್ಯ ಎತ್ತಿದೆ. "ಅದುಕ್ಕೇನೀಗ? ನಿನ್ ಗಂಡ ಇನ್ನೊಂದ್ ಮದ್ವೆ ಆದ್ನಾ? ಇಲ್ವಲ್ಲ! ಸುಮ್ಕೆ ನೋಡು" ಅಂದ್ರು. ಇದನ್ನ ಬರೀತೀನಿ ಅಂತ ಅವರಿಗೆ ಮೊದಲೇ ಹೇಳಿದೀನಿ. "ಬರ್ಕೋ, ನಂಗೇನ್ ಓದಕ್ ಬತ್ತದಾ" ಅಂದ್ರು.

ಈಗ ಅಡ್ಡ ಬತ್ತಿದ್ದ ಮಾತಿಗೆ ಬತ್ತೀನಿ.

2023ರ ನವೆಂಬರ್‌ನಲ್ಲಿ ಟಿವಿ ತುಂಬ ನಮ್ಮ ಮಂಡ್ಯದ್ದೇ ಸುದ್ದಿ. ಆಲೆಮನೇಲಿ ಸ್ಕ್ಯಾನಿಂಗ್ ಮಿಷನ್ ಇಟ್ಕಂಡು ಹೊಟ್ಟೇಲಿರೋದು ಗಂಡೋ ಹೆಣ್ಣೋ ಅಂತ ಹೇಳ್ತಿದ್ರಂತೆ, ಹೆಣ್ಣಾದ್ರೆ ಮೈಸೂರಿಗೆ ಕಳಿಸಿ ತೆಗೆಸ್ತಿದ್ರಂತೆ, ಬೆಂಗ್ಳೂರು ಪೊಲೀಸ್ನೋರು ಹಿಡಿದ್ರು. ಆಲೆಮನೆ ಅಂದ್ರೆ ನಮಗೆ ಏನು ಹೇಳಿ? ಚಿಕ್ಕವರಿದ್ದಾಗ ಲಂಗ ಎತ್ತಿ ಕಟ್ಕಂಡು ಕೊಪ್ಪರಿಗೆ ಸುತ್ತ ನಿಂತು, ಎಲೆ ಮೇಲೆ ಬಿಸಿ ಬೆಲ್ಲ ಹಾಕಿಸ್ಕಂಡು ನಾಲಿಗೆ ಸುಟ್ಕಂಡ ಜಾಗ. ಅಲ್ಲಿ ಆ ಮಿಷನ್ನು.

ಆವತ್ತು ಸಂಜೆ ನಾವೆಲ್ಲ ಹಜಾರದಲ್ಲಿ ನೆನೆಸಿದ ಅವರೆಕಾಳು ಹಿತುಕ್ತಾ ಕುಂತಿದ್ವಿ. ಸುದ್ದಿ ನೋಡಿ ಎಲ್ಲಾರೂ ಶಾಪ ಹಾಕಿದ್ರು. "ಅವರ ಕೈಗೆ ಹುಳ ಬೀಳ" ಅಂದ್ರು. ಆಮೇಲೆ ಪುಟ್ಟಕ್ಕ ಬಂತು, ಅತ್ವಿ. ಜಾಹೀರಾತು ಬಂತು.

ಆಗ ಒಬ್ಬರು ಪಕ್ಕದಲ್ಲಿದ್ದೋರಿಗೆ ಮೆತ್ತಗೆ ಅಂದ್ರು. "ನಿನ್ ಸೊಸೆಗೆ ಎಲ್ಡೂ ಹೆಣ್ಣೇ ಆಗವೆ. ಈ ಸಲ ಒಂದ್ಸಲ ನೋಡಿಸ್ಕಬುಡಿ. ಗೊತ್ತಿರೋರು ಅವ್ರೆ." ಐದು ನಿಮಿಷದ ಹಿಂದೆ ಶಾಪ ಹಾಕಿದ ಬಾಯೇ ಅದು. ಆ ಸೊಸೆ ಅಲ್ಲೇ ಕುಂತಿತ್ತು. ನಾಗಮಂಗಲದ ಕಡೆ ಹುಡುಗಿ, ಮೂರು ತಿಂಗಳು ತುಂಬಿತ್ತು. ಅದರ ಕೈಲಿದ್ದ ಅವರೆಕಾಳು ಹಂಗೇ ನಿಂತೋಯ್ತು. ತಲೆ ಎತ್ತಿ ನನ್ನ ಕಡೆ ನೋಡ್ತು.

ನಾನೇನಂದೆ ಗೊತ್ತಾ? "ಸೀರಿಯಲ್ ಬಂತು, ಸುಮ್ಕಿರ್ರವ್ವಾ" ಅಂದೆ.

ಪಿಯುಸಿ ಓದಿದೀನಿ, ದಿನಾ ಪೇಪರ್ ನೋಡ್ತೀನಿ, ಇಲ್ಲಿ ನಿಮಗೆಲ್ಲ ಬುದ್ಧಿ ಹೇಳ್ದಂಗೆ ಬರೀತೀನಿ. ಹಂಗೆ ನೋಡಿಸೋದು ತಪ್ಪು ಅಂತ 1994ರಲ್ಲೇ ಕಾನೂನು ಆಗದೆ ಅನ್ನೋದೂ ಗೊತ್ತಿತ್ತು. ಬಾಯಿಗೆ ಬಂದಿದ್ದು ಅಷ್ಟೇ. ನೆಂಟರು, ನೆರೆಯೋರು, ನಾಳೆ ಮುಖ ನೋಡ್ಬೇಕಲ್ಲ ಅಂತ. ರಾತ್ರಿ ನಿದ್ದೆ ಬರಲಿಲ್ಲ. ನಮ್ಮವ್ವ ಕೊಟ್ಟ ಆ ಕಾಪಿ ಲೋಟವೇ ಕಣ್ಣಿಗೆ ಬರೋದು.

ಬೆಳಿಗ್ಗೆ ಹಿತ್ಕಿದ್‌ಬೇಳೆ ಸಾರು ಡಬ್ಬಿಗೆ ಹಾಕ್ಕಂಡು ಅವರ ಮನೆಗೆ ಹೋದೆ. ಹುಡುಗಿ ಹಿತ್ಲಲ್ಲಿ ಬಟ್ಟೆ ಒಗೀತಿತ್ತು. "ನಿಂಗೆ ಇಷ್ಟ ಇಲ್ದೆ ಎಲ್ಲಿಗೂ ಹೋಗ್ಬೇಡ ಮಗ, ನಾನಿದೀನಿ" ಅಂದೆ. ಅದು ಬಟ್ಟೆ ಹಿಂಡ್ಕಂಡೇ, "ನೆನ್ನೆ ಎಲ್ಲಾರ ಮುಂದೆ ಅಂದಿದ್ರೆ ಚೆನ್ನಾಗಿತ್ತು ದೊಡ್ಡವ್ವ" ಅಂತು. ಸಿಟ್ಟಲ್ಲಿ ಅಲ್ಲ. ಅದೇ ನಂಗೆ ಜಾಸ್ತಿ ಚುಚ್ಚಿದ್ದು.

ಒಳಗೆ ಹೋಗಿ ಅವರತ್ತೆಗೆ ನೇರವಾಗೇ ಹೇಳಿದೆ. ದನಿ ಎತ್ತರಕ್ಕೇ ಹೋಯ್ತು. ಪೊಲೀಸು, ಜೈಲು ಎಲ್ಲಾನೂ ಎತ್ತಿದೆ. ಸಾರಿನ ಡಬ್ಬಿ ಹಂಗೇ ವಾಪಸ್ ಬಂತು. ಮೂರು ತಿಂಗಳು ಮಾತಿಲ್ಲ, ಟಿವಿಗೂ ಬರಲಿಲ್ಲ. "ನೋಡಿಸ್ಕಬುಡಿ" ಅಂದೋರಂತೂ ದೇವಸ್ಥಾನದಲ್ಲಿ ಸಿಕ್ಕಿದ್ರೂ ಮುಖ ಆ ಕಡೆ ತಿರುಗ್ಸೋರು. ನಮ್ಮನೆಯೋರು ಕೂಡ, "ನಿಂಗ್ಯಾಕೆ ಊರ ಉಸಾಬರಿ" ಅಂದ್ರು.

ಇನ್ನೊಂದು ವಿಷ್ಯ. ಆ ಸೀರಿಯಲ್ಲು ತಪ್ಪನ್ನೆಲ್ಲ ಎರಡನೇ ಹೆಂಡತಿ ರಾಜೇಶ್ವರಿ ತಲೆಗೆ ಕಟ್ತದೆ. ಬೈಯಕ್ಕೆ ಒಬ್ಬಳು ಸಿಕ್ತಾಳೆ, ಬೈದು ಎದ್ದೋಯ್ತೀವಿ. ನಮ್ಮ ಹಜಾರದಲ್ಲಿ ಅಂಥ ರಾಜೇಶ್ವರಿ ಯಾರೂ ಇರಲಿಲ್ಲ. ಬಾಣಂತಿಗೆ ಬಿಸಿನೀರು ಹುಯ್ಯೋರು, ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳ್ಸೋರು, ಅಂಥೋರೇ ಇದ್ದಿದ್ದು. ಪುಟ್ಟಕ್ಕನ ಕಷ್ಟಕ್ಕೆ ಮನಸಾರೆ ಅಳೋರೇ ಅವರೂನು. ಇದನ್ನ ಯಾವ ಸೀರಿಯಲ್ನೋರಾದ್ರೂ ತೋರಿಸಿದ್ರೆ ನೋಡ್ತೀನಿ.

2024ರ ಮೇ ತಿಂಗಳಲ್ಲಿ ನಮ್ಮ ಪಾಂಡವಪುರದಲ್ಲೇ ಭ್ರೂಣಹತ್ಯೆ ಪ್ರಕರಣ ಬಯಲಾಗಿ ಮತ್ತೆ ಟಿವೀಲಿ ಬಂತು. ಅದೇ ತಿಂಗಳು ಆ ಹುಡುಗಿಗೆ ಹೆರಿಗೆ ಆಯ್ತು. ಸುಸೂತ್ರ. ಏನು ಮಗು ಅಂತ ಕೇಳ್ತೀರಿ, ನಂಗೊತ್ತು. ಬರೆಯಲ್ಲ.

ಆಮೇಲೆ ಕಥೇಲಿ ಸ್ನೇಹನ್ನೇ ಸಾಯಿಸ್ಬುಟ್ರು, ನಂಗೆ ರುಚಿ ಕೆಟ್ಟೋಯ್ತು. ಅಷ್ಟೊತ್ತಿಗೆ ಅತ್ತೆ ಸೊಸೆ ಇಬ್ಬರೂ ಮತ್ತೆ ನಮ್ಮನೆ ಹಜಾರಕ್ಕೆ ಬರಕ್ಕೆ ಶುರು ಮಾಡಿದ್ರು. ಕೂಸನ್ನ ನಮ್ಮತ್ತೆ ತೊಡೆ ಮೇಲೆ ಹಾಕೋರು. ಅದು ರಿಮೋಟು ಕಿತ್ಕಂಡು ಬಾಯಿಗೆ ಹಾಕ್ಕಳೋದು, ಚಾನಲ್ಲು ಎಲ್ಲೆಲ್ಲಿಗೋ ಹೋಗೋದು. ಪುಟ್ಟಕ್ಕ ಅಳ್ತಿದ್ದಾಗಲೇ ಹೋದ್ರೂ ನಮ್ಮತ್ತೆ, "ಹೋಗ್ಲಿ ಬುಡು" ಅನ್ನೋರು.